ಸೆರಗಿನ ಕೊಂಡಿ

ಇಳಕಲ್ಲು, ೪ ಡಿಸೆಂಬರ್ ೧೯೭೯, ಮಂಗಳವಾರ

ಇವತ್ತೂ ಹಂಡೆ ತುಂಬ ನೀರು ಕಾಯಿಸಿದೆ. ಅತ್ತೆಯ ಹುಕುಂ. "ಅಂದಪ್ಪ ಯಾವ ಬಸ್ಸಿಗೆ ಬರ್ತಾನೋ ಏನೋ. ಬಂದಾವ ತಣ್ಣೀರಾಗ ಮೈ ತೊಳಕೋಬೇಕೇನು?"

ಬೆಳಗಿನ ಬಸ್ಸು ಬಂತು, ಹೋಯ್ತು. ನೀರು ಆರತೊಡಗಿತು. ಪಕ್ಕದ ಮನೆಯ ರಂಜಾನಬಿ ಕೊಡ ತಂದು ಒಯ್ದಳು. ಇಡೀ ಓಣಿಯಲ್ಲಿ ದಿನಾ ಬಿಸಿನೀರಿನ ಸ್ನಾನ ಅಂದರೆ ಅವಳ ಮಕ್ಕಳದೇ. ಸಾಹುಕಾರರ ಮಕ್ಕಳಂತೆ ಮಿರಿಮಿರಿ ಮಿಂಚುತ್ತವೆ. ಸತ್ತ ನನ್ನ ಗಂಡನ ಸ್ನಾನದ ನೀರು ಅದು... ನಗು ಬಂತು. ಆಮೇಲೆ ನಾಚಿಕೆ ಆಯ್ತು.

ಈ ನೋಟ್‌ಬುಕ್ ಅವರದೇ. ನಾವು ನೇಯುವ ಸೀರೆಯ ದಡಿಯ ಡಿಸೈನ್ ಬರೆಯಲು ತಂದದ್ದು. ನಾಲ್ಕು ಹಾಳೆ ಬರೆದಿದ್ದಾರೆ. ಉಳಿದದ್ದು ನನಗೆ.

೬ ಡಿಸೆಂಬರ್

ಒಮ್ಮೆ ಎಲ್ಲ ಬರೆದಿಡಬೇಕು. ಬಾಯಿ ಬಿಟ್ಟು ಹೇಳಲು ಈ ಮನೆಯಲ್ಲಿ ಯಾರಿದ್ದಾರೆ?

ಶ್ರಾವಣದ ಎರಡನೇ ಸೋಮವಾರ. ಇವರು ಎರಡು ಸೀರೆ ಗಂಟು ಕಟ್ಟಿಕೊಂಡು ಬಾದಾಮಿ ಪೇಟೆಗೆ ಹೊರಟರು. ಮಲಪ್ರಭೆ ತುಂಬಿತ್ತು. ಸೇತುವೆ ಮೇಲೆ ನೀರು ಬಂದು ಬಸ್ಸು ಈಚೆಯೇ ನಿಂತಿತು. ಹರಗೋಲಿನಲ್ಲಿ ದಾಟಲು ಹೋದರು. ಮಗುಚಿತು. ಆರು ದಿನಕ್ಕೆ ಸಿಕ್ಕರು, ಜಾಲಿ ಕಂಟಿಯಲ್ಲಿ. ನಮ್ಮಣ್ಣ ಬಾಬಣ್ಣ ಹೋಗಿ ಅಂಗಿ ನೋಡಿ, ಗಂಟು ನೋಡಿ ಗುರುತು ಹಿಡಿದ. ಮುಖ ನೋಡುವ ಹಾಗಿರಲಿಲ್ಲವಂತೆ. ಪಂಚನಾಮೆ ಮುಗಿಸಿ ಅಲ್ಲೇ ಮಣ್ಣು ಮಾಡಿ ಬಂದ. ಮನೆಗೆ ಬಂದದ್ದು ಗಂಟು ಮಾತ್ರ.

ಅತ್ತೆಯೇ ಬಿಚ್ಚಿದರು. ಕೆಸರು ಕುಡಿದ ಸೀರೆ. ಸೆರಗು ಮೈಗೆ ಕೂಡುವ ಜಾಗದಲ್ಲಿ ಹೆಬ್ಬೆರಳು ಆಡಿಸಿದರು. ಈ ಕಡೆಯಿಂದ ಆ ಕಡೆ. ಮತ್ತೆ ಈ ಕಡೆ. ಓಣಿಯ ಹೆಂಗಸರೆಲ್ಲ ಅಳು ನಿಲ್ಲಿಸಿ ನೋಡುತ್ತಿದ್ದರು.

"ಇದು ನನ್ನ ಕೊಂಡಿ ಅಲ್ಲ," ಅಂದರು. "ಇದು ನಮ್ಮ ಮನಿ ಸೀರಿನ ಅಲ್ಲ. ಯಾವಾಕಿ ಹಡದ ಮಗನೋ ಏನೋ, ಪಾಪ. ನನ್ನ ಮಗ ಬರ್ತಾನ."

ಎದ್ದು ಹೋಗಿ ದೀಪ ಹಚ್ಚಿದರು. ಅಂದಿನಿಂದ ಅದೇ ಮಾತು. ನನ್ನ ಬಳೆ ತೆಗೆಯಗೊಡಲಿಲ್ಲ. ದಿನಾ ಬೆಳಿಗ್ಗೆ ತಾವೇ ನನ್ನ ಹಣೆಗೆ ಕುಂಕುಮ ಇಡುತ್ತಾರೆ. ಗಂಡ ಸತ್ತು ನಾಲ್ಕು ತಿಂಗಳು, ಅಳಬೇಕೆಂದರೆ ಹಿತ್ತಲಿಗೆ ಹೋಗಬೇಕು.

೯ ಡಿಸೆಂಬರ್, ರವಿವಾರ

ಕೊಂಡಿ ಹಾಕಿದ್ದು ನಾನು.

ಬರೆದೆ.

ನಮ್ಮ ಸೀರೆಯ ಮೈ ಬೇರೆ, ಸೆರಗು ಬೇರೆ. ಮೈಗೆ ಹತ್ತಿಯ ಎಳೆ, ಸೆರಗಿಗೆ ರೇಷ್ಮೆಯದು. ನೇಯುವ ಮೊದಲು ಒಂದೊಂದು ಎಳೆಗೂ ಒಂದೊಂದು ಎಳೆ ಸಿಕ್ಕಿಸಿ ತಿರುವಬೇಕು. ಸಾವಿರಾರು. ಅದೇ ಕೊಂಡಿ. ಅತ್ತೆ ಹಾಕಿದ ಕೊಂಡಿ ಬೆರಳಿಗೆ ಹತ್ತುತ್ತಿರಲಿಲ್ಲ. ಹುನಗುಂದದಿಂದ ಬಂದ ವ್ಯಾಪಾರಿಗಳು ಮುಟ್ಟಿ ನೋಡಿ "ಸಾವಿತ್ರೆವ್ವನ ಕೈ" ಅನ್ನುತ್ತಿದ್ದರು. ನನಗೆ ಎಳೆ ಮುಟ್ಟಗೊಡುತ್ತಿರಲಿಲ್ಲ. "ಹತ್ತು ವರ್ಷ ನೋಡು. ಆಮ್ಯಾಲ ಕಲೀಯಂತಿ."

ಎರಡು ವರ್ಷದ ಹಿಂದೆ ಅವರ ಕಣ್ಣಿಗೆ ಪೊರೆ ಬಂತು. ಕೊಂಡಿ ಜಾರತೊಡಗಿದವು. ನೇಯುವಾಗ ಪಟಪಟ ಬಿಚ್ಚುತ್ತಿದ್ದವು. ಇವರು ಬೈಯಲಿಲ್ಲ, ಅಮ್ಮನಿಗೆ ಹೇಳಲೂ ಇಲ್ಲ. ನನ್ನನ್ನು ಕರೆದು, "ಚಂದ್ರಿ, ಅವ್ವ ಮಲಗಿದಾಗ ನೀ ಬಿಚ್ಚಿ ಹಾಕು. ಗೊತ್ತಾದ್ರ ಭಾಳ ನೊಂದ್ಕೋತಾಳ," ಅಂದರು. ಮಧ್ಯಾಹ್ನ ಅತ್ತೆ ಕೋಣೆಯಲ್ಲಿ ಗೊರಕೆ ಹೊಡೆಯುವಾಗ ಕಳ್ಳರ ಹಾಗೆ ಕೂರುತ್ತಿದ್ದೆವು. ಇವರು ಎಳೆ ಹಿಡಿಯುವುದು, ನಾನು ತಿರುವುವುದು. ಉಸಿರು ಬಿಗಿಹಿಡಿದು ನಗುವುದು. ನನ್ನ ಸಂಸಾರದ ಸುಖ ಅಂದರೆ ಅದೇ. ಆ ಎರಡೂ ಸೀರೆಯ ಕೊಂಡಿ ಹಾಗೆ ಹಾಕಿದ್ದು.

ಈಗ ಅತ್ತೆಗೆ ಹೇಳಬೇಕೆಂದರೆ ಎರಡು ಹೇಳಬೇಕು. ನಿಮ್ಮ ಮಗ ಇಲ್ಲ. ನಿಮ್ಮ ಕೈಯೂ ಹೋಗಿ ಎರಡು ವರ್ಷ ಆಯ್ತು. ಒಂದೇ ಉಸಿರಿನಲ್ಲಿ ಒಬ್ಬ ಮುದುಕಿಗೆ ಹೇಗೆ ಹೇಳಲಿ?

೧೭ ಡಿಸೆಂಬರ್

ನಿನ್ನೆ ಕಮತಗಿಯಿಂದ ಬಾಬಣ್ಣ ಬಂದಿದ್ದ. ನನ್ನನ್ನು ಕರೆದೊಯ್ಯಲು.

"ಇನ್ನ ಎಷ್ಟ ದಿನ ಹಿಂಗ ಇಟ್ಕೋತೀರಿ ಅತ್ತಿ? ನನ್ನ ತಂಗಿಗೆ ಇಪ್ಪತ್ತಮೂರ ವಯಸ್ಸು."

ಅತ್ತೆ ಚಹಾ ಕೊಟ್ಟರು. ಚೂಡಾ ಕೊಟ್ಟರು. ಸಿಟ್ಟು ಮಾಡಲಿಲ್ಲ. "ಗಂಡ ಊರಾಗ ಇಲ್ಲದಾಗ ಸೊಸಿನ್ನ ಹೆಂಗ ಕಳಸ್ಲಿ? ಅವಾ ಬಂದು ಕೇಳಿದ್ರ ಏನ ಹೇಳ್ಲಿ? ಬರ್ಲಿ, ಇಬ್ಬರನ್ನೂ ಕೂಡೇ ಕಳಸ್ತೇನಿ."

ಅಣ್ಣ ಬಾಗಿಲಲ್ಲಿ ನನ್ನ ಕಿವಿಯಲ್ಲಿ, "ಈ ಮುದುಕಿಗೆ ತಲಿ ಕೆಟ್ಟೈತಿ. ನಡಿ ನೀ."

ತಲೆ ಕೆಟ್ಟಿಲ್ಲ. ಲೆಕ್ಕಕ್ಕೆ ಸರಿಯಾಗಿಯೇ ಇದ್ದಾರೆ. ತಮ್ಮ ಹೆಬ್ಬೆರಳನ್ನು ನಂಬಿದ್ದಾರೆ, ಅಷ್ಟೇ. ಆ ನಂಬಿಕೆಗೆ ಬುನಾದಿ ಹಾಕಿದವಳು ನಾನು. ಬಿಟ್ಟು ಹೇಗೆ ಹೋಗಲಿ? ಹೋಗಲಿಲ್ಲ. ಅಣ್ಣ ಒಬ್ಬನೇ ಬಸ್ಸು ಹತ್ತಿದ.

೧೧ ಜನವರಿ ೧೯೮೦

ಬಹಳ ದಿನ ಬರೆಯಲಿಲ್ಲ. ಬರೆಯುವಂಥದ್ದು ಏನೂ ಆಗಿರಲಿಲ್ಲ.

ಇವತ್ತು ಆಯ್ತು. ರಂಜಾನಬಿಯ ಗಂಡ ಮಲೀಕಸಾಬ ಸೊಲ್ಲಾಪುರದಿಂದ ಬಂದ. ಮಿಲ್ಲಿನ ಗೇಟಿನಲ್ಲಿ ಒಬ್ಬನನ್ನು ಕಂಡನಂತೆ. ಹಿಂದಿನಿಂದ ಥೇಟ್ ಅಂದಪ್ಪನ ನಡಿಗೆ. ಕರೆಯುವಷ್ಟರಲ್ಲಿ ಗದ್ದಲದಲ್ಲಿ ಹೋದ. ಒಳ್ಳೆಯ ಮನುಷ್ಯ, ಮುದುಕಿಗೆ ಸಮಾಧಾನ ಆಗಲಿ ಅಂತ ಹೇಳಿದ. ಹೇಳಬಾರದಿತ್ತು.

ಅತ್ತೆಯ ಮುಖ ನೋಡಬೇಕಿತ್ತು. "ನೋಡಿದಿಲ್ಲ? ನಾ ಹೇಳಿರ್ಲಿಲ್ಲ?" ಬರುವ ಗುರುವಾರ ಸೊಲ್ಲಾಪುರಕ್ಕೆ ಹೊರಡುತ್ತಾರಂತೆ. ಒಬ್ಬರೇ. ಎದುರಿಗೆ ಬಂದ ಎಮ್ಮೆ ಕಾಣದ ಕಣ್ಣಲ್ಲಿ! ನಾನು ಬರುತ್ತೇನೆ ಅಂದರೆ ಬೇಡ ಅಂದರು. "ಮನ್ಯಾಗ ಯಾರರ ಬೇಕಲ್ಲ. ಅವಾ ಈ ಕಡೆಯಿಂದ ಬಂದಗಿಂದಾನು."

ಒಂದು ಗಳಿಗೆ ನನಗೂ ಆಸೆ ಆಯ್ತು. ಇರಬಹುದಲ್ಲ... ಹಿತ್ತಲಿಗೆ ಹೋಗಿ ನಿಂತೆ. ಇಲ್ಲ. ನನ್ನ ಕೈಕೆಲಸ ನಾನು ಗುರುತಿಸಲಾರೆನೇ? ಅತ್ತೆಗೆ ಇರುವ ಆಸರೆ ನನಗಿಲ್ಲ. ಹೊಟ್ಟೆ ಉರಿಯಿತು, ಅವರ ಮೇಲೆಯೇ.

೧೪ ಜನವರಿ, ಸಂಕ್ರಮಣ

ಇವತ್ತು ಹೇಳಲೇಬೇಕು ಅಂತ ಕೂತೆ. "ಅತ್ತಿ, ಒಂದ ಮಾತ ಹೇಳ್ಬೇಕ್ರಿ."

"ಹೇಳವಾ."

"ಎಳ್ಳಹೋಳಗಿಗೆ ಬೆಲ್ಲ ಸಾಲೂದಿಲ್ಲ."

ಥೂ. ಬೆಲ್ಲ ಧಾರಾಳ ಇತ್ತು. ನಾನೇ ಡಬ್ಬಿ ಬಚ್ಚಿಟ್ಟೆ.

೧೬ ಜನವರಿ, ಬುಧವಾರ. ಸಂಜೆ ಐದು

ಹೇಳಿದೆ.

ಮಧ್ಯಾಹ್ನ ಅತ್ತೆ ಚೀಲ ತುಂಬುತ್ತಿದ್ದರು. ನನ್ನ ಗಂಡನ ಒಂದು ಧೋತರ, ಒಂದು ಅಂಗಿ. "ಅಲ್ಲಿ ಯಾವ ಅರಿವಿ ಉಟ್ಟಾನೋ," ಅಂತ ಅಂಗಿಯ ಗುಂಡಿ ತಡವಿ ಹಾಕುತ್ತಿದ್ದರು. ಒಂದು ಗುಂಡಿ ಸಿಗಲಿಲ್ಲ. ಮತ್ತೆ ಮತ್ತೆ ತಡವಿದರು. ನೋಡಲಾಗಲಿಲ್ಲ.

"ಅತ್ತಿ, ಆ ಸೀರಿ ಕೊಂಡಿ ನಾ ಹಾಕಿದ್ದರಿ."

ಕೈ ನಿಂತಿತು. ಎಲ್ಲ ಹೇಳಿದೆ. ಪೊರೆ, ಜಾರಿದ ಎಳೆ, ಮಧ್ಯಾಹ್ನಗಳು. "ನೀವು ನೊಂದ್ಕೋತೀರಿ ಅಂತ ಅವ್ರೇ ಹೇಳಬ್ಯಾಡಂದ್ರು. ತಪ್ಪಾತ್ರಿ."

ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಹಗುರ ಆಗುತ್ತಿತ್ತು.

"ಸುಳ್ಳ. ನೀ ತವರಮನಿಗೆ ಹೋಗಾಕ ಸುಳ್ಳ ಹೇಳ್ತಿ. ನಿನಗೆಲ್ಲಿ ಬರ್ತೈತಿ ಕೊಂಡಿ? ಹಾಕ ನೋಡೂಣು."

ಮಗ್ಗದ ಮೇಲೆ ಶ್ರಾವಣದಿಂದ ಹಾಗೇ ಇದ್ದ ಎಳೆ ತಂದು ಮುಂದೆ ಎಸೆದರು. ಕೂತೆ. ಒಂದು ಕ್ಷಣ ಅನ್ನಿಸಿತು, ಕೆಟ್ಟದಾಗಿ ಹಾಕಲೇ? ನಾಲ್ಕು ಕೊಂಡಿ ಸಡಿಲ ಬಿಟ್ಟರೆ ಸಾಕು. ನಾಳೆ ಚೀಲ ಹಿಡಿದು ಹೊರಡುತ್ತಾರೆ, ಮಗ ಬದುಕಿರುತ್ತಾನೆ. ಆದರೆ ಆ ಬಸ್‌ಸ್ಟ್ಯಾಂಡು, ಆ ಮಿಲ್ಲಿನ ಗೇಟು, ಕಂಡಕಂಡವರ ಬೆನ್ನು ಹಿಡಿದು ಈ ಮುದುಕಿ... ಸರಿಯಾಗಿಯೇ ಹಾಕಿದೆ. ನಲವತ್ತು ಎಳೆ.

ಅತ್ತೆ ಪೆಟ್ಟಿಗೆಯಿಂದ ಆ ಕೆಸರಿನ ಸೀರೆ ತೆಗೆದರು. ಅದರ ಮೇಲೊಮ್ಮೆ ಹೆಬ್ಬೆರಳು, ನನ್ನದರ ಮೇಲೊಮ್ಮೆ. ಎಷ್ಟು ಸಲವೋ. ರಂಜಾನಬಿ ನೀರಿಗೆ ಬಂದವಳು ಬಾಗಿಲಲ್ಲೇ ನಿಂತು ಹಾಗೇ ಹಿಂದೆ ಹೋದಳು.

"ಛಲೋ ಹಾಕ್ತಿ," ಅಂದರು.

ಆಮೇಲೆ ಸೀರೆಯನ್ನು ಮುಖಕ್ಕೆ ಒತ್ತಿಕೊಂಡರು. ಅಂಥ ಅಳು ನಾನು ಕೇಳಿಲ್ಲ. ನಾನೂ ಅತ್ತುಬಿಟ್ಟೆ, ಹಿತ್ತಲಲ್ಲಲ್ಲ, ಪಡಸಾಲೆಯಲ್ಲಿ, ಬಾಗಿಲು ತೆರೆದಿಟ್ಟು, ಅವರ ತೊಡೆಯ ಮೇಲೆ ತಲೆಯಿಟ್ಟು. ಅವರ ಕೈ ನನ್ನ ಬೆನ್ನ ಮೇಲೆ ಇತ್ತು.

ಅತ್ತು ಅತ್ತು ಸುಮ್ಮನಾದ ಮೇಲೆ ಕೇಳಿದರು.

"ಅವತ್ತ ಉಂಡ ಹೋಗಿದ್ನೇನವಾ?"

"ಹೂಂರಿ. ಉಂಡಿದ್ರು."

"ಏನ ಮಾಡಿದ್ದಿ?"

"ಬಿಸಿ ರೊಟ್ಟಿ, ಪುಂಡಿಪಲ್ಯ. ಇನ್ನೊಂದ ಹಾಕು ಅಂತ ಕೇಳಿ ಹಾಕಿಸ್ಕೊಂಡ್ರು."

"ಹೌದ? ಪುಂಡಿಪಲ್ಯ ಅಂದ್ರ ಜೀವ ಅವಂಗ," ಅಂದರು. ಮುಖ ಒರೆಸಿಕೊಂಡರು. ಈಗ ಗೋಡೆಗೆ ಒರಗಿ ಮಲಗಿದ್ದಾರೆ.

ಅವತ್ತು ಅತ್ತೆ ಗುಡಿಗೆ ಹೋಗಿದ್ದರು, ಒಲೆಯೂ ಹತ್ತಿರಲಿಲ್ಲ. ಹಸಿ ಕಟ್ಟಿಗೆ. ಬಸ್ಸಿಗೆ ಹೊತ್ತಾಯ್ತು ಅಂತ ಒಂದು ತಂಬಿಗೆ ನೀರು ಕುಡಿದು ಎದ್ದರು. "ಬಂದು ಉಣ್ತೇನಿ ಚಂದ್ರಿ," ಅಂದರು. ಹೊಗೆಯಲ್ಲಿ ಕಣ್ಣು ಉರಿಯುತ್ತಿತ್ತು, ನಾನು ತಿರುಗಿ ಕೂಡ ನೋಡಲಿಲ್ಲ.