‘ಲೈನ್ ಕೊಡಬೇಡಿ’ ಎಂಬ ಸಂದೇಶ ಬಂದಿದ್ದು ಬೇರೆ ಆ್ಯಪಿಗೆ

ವಿದ್ಯುತ್ ವಿತರಣಾ ವಿಭಾಗದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಿಮ್ಮ ಇಲಾಖೆಯ ಲೈನ್‌ಮನ್ ಒಬ್ಬರು ಐವತ್ತೆರಡನೆಯ ವಯಸ್ಸಿನಲ್ಲಿ ಎಡಗೈಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ಕಲಿಯುತ್ತಿದ್ದಾರೆ. ಅವರ ಬಲಗೈ ಮೊಣಕೈಯಿಂದ ಕೆಳಗೆ ಇಲ್ಲ. ಅವರು ಕಂಬದ ಮೇಲಿದ್ದಾಗ ತಂತಿಗೆ ವಿದ್ಯುತ್ ಬಿಟ್ಟವಳು ನಾನು. ‘ಲೈನ್ ಕೊಡಬೇಡಿ’ ಎಂದು ಅವರು ಕಳಿಸಿದ್ದ ಸಂದೇಶ ನನ್ನ ಫೋನಿನಲ್ಲೇ ಇತ್ತು. ಆರು ಆ್ಯಪ್‌ಗಳ ಪೈಕಿ ಒಂದರಲ್ಲಿ, ನೀವು ಕಳಿಸಿದ್ದ ಘೋಷಣೆಯ ಕೆಳಗೆ ಇತ್ತು.

ಇದನ್ನು ಖಾಸಗಿಯಾಗಿ ಮೂರು ಸಲ ಬರೆದೆ. ಮೂರು ಸಲವೂ ‘ನಿಮ್ಮ ಮನವಿಯನ್ನು ಸ್ವೀಕರಿಸಲಾಗಿದೆ, ದಯವಿಟ್ಟು ಈ ಸಂದೇಶಕ್ಕೆ ಉತ್ತರಿಸಬೇಡಿ’ ಎಂದು ಬಂತು. ಆಜ್ಞೆಯನ್ನು ಪಾಲಿಸಿದ್ದೇನೆ. ಆ ಸಂದೇಶಕ್ಕೆ ಉತ್ತರಿಸದೆ ಪತ್ರಿಕೆಗೆ ಬರೆಯುತ್ತಿದ್ದೇನೆ.

ಹತ್ತೊಂಬತ್ತು ವರ್ಷ ಊರ ಅಂಚಿನ ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್ ಆಗಿದ್ದೆ. ಕೆಲಸ ಏನೆಂದು ಓದುಗರಿಗೆ ಹೇಳುತ್ತೇನೆ, ತಮಗೂ ಉಪಯೋಗಕ್ಕೆ ಬಂದೀತು. ದೂರದಿಂದ ಬರುವ ವಿದ್ಯುತ್ತನ್ನು ನಮ್ಮಲ್ಲಿಂದ ನಾಲ್ಕು ಮಾರ್ಗಗಳಲ್ಲಿ ಊರಿಗೆ ಹಂಚುತ್ತೇವೆ. ಒಂದೊಂದು ಮಾರ್ಗಕ್ಕೂ ಫೀಡರ್ ಎನ್ನುತ್ತಾರೆ. ತಂತಿ ಕಡಿದರೆ, ಕೊಂಬೆ ಬಿದ್ದರೆ ಲೈನ್‌ಮನ್ ಕಂಬ ಹತ್ತಬೇಕು. ಹತ್ತುವ ಮೊದಲು ನಾನು ಆ ಫೀಡರನ್ನು ಬಂದ್ ಮಾಡಿ, ‘ಬಂದ್ ಆಗಿದೆ, ಹತ್ತಿ’ ಎಂದು ಅನುಮತಿ ಕೊಡಬೇಕು. ಅದಕ್ಕೆ ಲೈನ್ ಕ್ಲಿಯರ್ ಎನ್ನುತ್ತಾರೆ. ಇಳಿದ ಮೇಲೆ ಅವರು ಅದನ್ನು ನನಗೆ ವಾಪಸ್ ಮಾಡಬೇಕು. ಆಮೇಲೆ ಮಾತ್ರ ನಾನು ಲೈನ್ ಕೊಡುತ್ತೇನೆ. ನಮ್ಮ ಇಡೀ ಕಸುಬು ನಿಂತಿರುವುದು ಈ ಒಂದು ಕೊಡು-ಕೊಳ್ಳುವಿಕೆಯ ಮೇಲೆ. ಹತ್ತಿದವನನ್ನು ಕೆಳಗಿರುವವಳು ಮರೆಯಬಾರದು, ಅಷ್ಟೇ.

ಮೊದಲು ಇದಕ್ಕೆ ನಮ್ಮ ಕೋಣೆಯ ಗೋಡೆಯ ಮೇಲೆ ಒಂದು ಫೋನ್ ಇತ್ತು, ಮೇಜಿನ ಮೇಲೆ ಒಂದು ರಿಜಿಸ್ಟರ್ ಇತ್ತು, ಸ್ವಿಚ್ಚಿಗೆ ತೂಗುಹಾಕಲು ಕೆಂಪು ಫಲಕಗಳಿದ್ದವು. ಒಂದು ತಂಡ ಹತ್ತಿದರೆ ಒಂದು ಫಲಕ, ಎರಡು ತಂಡ ಹತ್ತಿದರೆ ಎರಡು. ಎರಡೂ ತೆಗೆಯುವವರೆಗೆ ಸ್ವಿಚ್ ಮುಟ್ಟುವ ಹಾಗಿಲ್ಲ. ಕೈ ಕಳೆದುಕೊಂಡ ಈ ಲೈನ್‌ಮನ್‌ಗೆ ಎಲ್ಲರೂ ಇಟ್ಟ ಹೆಸರು ಅಳಿಲು. ಕಂಬ ಹತ್ತುವ ಚುರುಕಿಗೆ ಬಂದ ಹೆಸರು. ನಾನು ಅಳಿಲಣ್ಣ ಎನ್ನುತ್ತಿದ್ದೆ. ಕೆಲಸ ಮುಗಿಸಿ ಅವರು ಫೋನ್ ಮಾಡಿದರೆ ನಮ್ಮ ಮಾತು ಹೀಗಿರುತ್ತಿತ್ತು:

“ತಂಗೀ, ಅಳಿಲು ಮಾತಾಡ್ತಿರೋದು. ಇಳಿದಾಯ್ತು.”

“ಎಲ್ಲರೂ ಇಳಿದ್ರಾ? ಎಣಿಸಿ ಹೇಳಿ.”

“ಇಬ್ಬರು ಮನುಷ್ಯರು, ನಾಲ್ಕು ಕಾಲು, ನಾಲ್ಕೂ ನೆಲದ ಮೇಲಿವೆ. ಸಾಕಾ, ಇಲ್ಲ ಬೆರಳೂ ಎಣಿಸ್ಲಾ?”

ಇಂಥ ಮಾತು ಸರ್ಕಾರಿ ಭಾಷೆಯಲ್ಲ, ಒಪ್ಪುತ್ತೇನೆ. ಆದರೆ ಆ ದನಿ ಕೇಳಿದರೆ ಅವರು ನೆಲದ ಮೇಲಿದ್ದಾರೋ, ಏದುಸಿರು ಬಿಡುತ್ತ ಕಂಬದ ಮೇಲಿದ್ದಾರೋ ನನಗೆ ಗೊತ್ತಾಗುತ್ತಿತ್ತು. ಹದಿನೇಳು ವರ್ಷ ಹೀಗೇ ನಡೆಯಿತು. ಒಬ್ಬರಿಗೂ ಒಂದು ಗೀರು ಬೀಳಲಿಲ್ಲ.

ಆಮೇಲೆ ತಮ್ಮ ಸುತ್ತೋಲೆ ಬಂತು. ಇಲಾಖೆ ಕಾಗದರಹಿತವಾಗಬೇಕು. ಮೌಖಿಕ ಸಂವಹನಕ್ಕೆ ಇನ್ನು ಮಾನ್ಯತೆಯಿಲ್ಲ. ರಿಜಿಸ್ಟರನ್ನು ಕಟ್ಟಿ ಒಯ್ದರು, ಫಲಕಗಳನ್ನು ಗುಜರಿಗೆ ಹಾಕಿದರು, ಗೋಡೆಯ ಫೋನ್ ಕಿತ್ತು ಆ ಜಾಗಕ್ಕೆ ತಮ್ಮ ಭಾವಚಿತ್ರವಿರುವ ‘ಬೆರಳ ತುದಿಯಲ್ಲಿ ಆಡಳಿತ’ ಎಂಬ ಭಿತ್ತಿಪತ್ರ ಅಂಟಿಸಿದರು. ಆಡಳಿತ ಯಾರ ಬೆರಳ ತುದಿಗೆ ಬಂತು ಎಂಬುದು ಆಮೇಲೆ ತಿಳಿಯಿತು. ಇಲಾಖೆ ಫೋನ್ ಕೊಡಲಿಲ್ಲ. ನನ್ನ ಸ್ವಂತ ಫೋನಿನಲ್ಲೇ ಎಲ್ಲ ನಡೆಯಬೇಕಿತ್ತು.

ಲೈನ್ ಕ್ಲಿಯರ್‌ಗೆ ಕಿತ್ತಳೆ ಬಣ್ಣದ ಆ್ಯಪ್. ಎಂಜಿನಿಯರುಗಳ ಆದೇಶಕ್ಕೆ ಕೆಂಪು ಬಣ್ಣದ್ದು. ಕ್ಷೇತ್ರ ಸಿಬ್ಬಂದಿಯ ಗುಂಪಿಗೆ ನೇರಳೆ. ಬಲ್ಬಿನ ಚಿತ್ರವಿರುವುದು ಸಾರ್ವಜನಿಕರ ದೂರಿಗೆ, ಅಲ್ಲಿ ಜನ ದಿನವಿಡೀ ನಮ್ಮ ವಂಶೋದ್ಧಾರ ಮಾಡುತ್ತಿರುತ್ತಾರೆ. ಹೆಬ್ಬೆರಳು ಒತ್ತಿ ಹಾಜರಿ ಹಾಕಲು ಒಂದು, ತಮ್ಮ ಭಾಷಣ ಕೇಳಲು ಇನ್ನೊಂದು. ಯಾವ ಆ್ಯಪ್ ಯಾವ ಅಧಿಕಾರಿಯ ಆಸೆಯ ಕೂಸು ಎಂದು ನಮಗೆಲ್ಲ ಗೊತ್ತಿತ್ತು. ಒಬ್ಬರು ತಂದದ್ದನ್ನು ಇನ್ನೊಬ್ಬರು ಬಿಡಲಿಲ್ಲ, ತಮ್ಮದೊಂದು ಸೇರಿಸಿದರು. ಆರೂ ಒಂದೇ ಥರ ಕಿಣಿ ಎನ್ನುತ್ತವೆ. ಫೋನ್ ಕಿಣಿ ಎಂದರೆ ಒಂದು ಜೀವದ ಪ್ರಶ್ನೆಯೋ, ಯಾರೋ ಸಾಹೇಬರ ಹುಟ್ಟುಹಬ್ಬವೋ ತೆರೆದು ನೋಡದೆ ತಿಳಿಯುವುದಿಲ್ಲ. ಮಗಳು ಒಮ್ಮೆ ಕೇಳಿದಳು, “ಅಮ್ಮ, ಫೋನ್ ಸದ್ದಾದ್ರೆ ನಿನ್ನ ಭುಜ ಯಾಕೆ ಹೀಗೆ ಮೇಲೆ ಹೋಗುತ್ತೆ?” ಹೋಗುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಆಗಲೇ ಎರಡು ಸಲ ಎಡವಟ್ಟಾಯಿತು. ಒಮ್ಮೆ ಕಿತ್ತಳೆಯಲ್ಲಿ ಬೆಳಿಗ್ಗೆ ಬರಬೇಕಿದ್ದ ವಿನಂತಿ ಮಧ್ಯಾಹ್ನ ಬಂತು. ಇನ್ನೊಮ್ಮೆ ಬೇರೆ ಫೀಡರಿನ ಸಂದೇಶ ನಮ್ಮ ಗುಂಪಿಗೆ ಬಿತ್ತು. ಎರಡನ್ನೂ ಬರೆದು ತಿಳಿಸಿದೆ. ‘ಆರಂಭಿಕ ತೊಡಕು’ ಎಂದು ಉತ್ತರ ಬಂತು. ‘ಏನೂ ಆಗಲಿಲ್ಲ’ ಎಂದು ಎರಡು ಸಲವೂ ನಕ್ಕುಬಿಟ್ಟೆ. ಅಳಿಲಣ್ಣ ಮಾತ್ರ ನಗಲಿಲ್ಲ. “ತಂಗೀ, ನಂಗೆ ಇದು ಸರಿ ಕಾಣ್ತಿಲ್ಲ. ಮೇಲೆ ಹತ್ತಿದಾಗ ಕೆಳಗೆ ಯಾರೂ ಇಲ್ಲ ಅನ್ನಿಸ್ತದೆ,” ಎಂದರು.

ಆ ದಿನ ಮಂಗಳವಾರ. ತಮಗೆ ನೆನಪಿರಬಹುದು, ಸುರಕ್ಷತಾ ಸಪ್ತಾಹದ ಎರಡನೆಯ ದಿನ. ಆಸ್ಪತ್ರೆಯಿರುವ ಫೀಡರಿನಲ್ಲಿ ಎರಡು ತಂಡಗಳು ಕೆಲಸ ಮಾಡುತ್ತಿದ್ದವು. ಆ ತುದಿಯಲ್ಲಿ ಹೊಸಬರು, ಈ ತುದಿಯಲ್ಲಿ ಅಳಿಲಣ್ಣ ಮತ್ತು ಅವರ ಜೊತೆಗಾರ. ಎರಡೂ ತಂಡಗಳಿಗೆ ಲೈನ್ ಕ್ಲಿಯರ್ ಕೊಟ್ಟಿದ್ದೆ. ಆದರೆ ಕಿತ್ತಳೆ ಆ್ಯಪ್ ಒಂದು ಫೀಡರಿಗೆ ಒಂದೇ ಸಾಲು ತೋರಿಸುತ್ತದೆ. ಎರಡು ತಂಡ ಇರಬಹುದು ಎಂದು ಅದನ್ನು ಮಾಡಿದವರಿಗೆ ಹೊಳೆದಿರಲಿಲ್ಲ.

ಮಧ್ಯಾಹ್ನ ಎರಡೂವರೆಗೆ ಕೆಂಪಿನಲ್ಲಿ ಕಿರಿಯ ಎಂಜಿನಿಯರರು ಶುರುಮಾಡಿದರು: ‘ಆಸ್ಪತ್ರೆಯವರು ಕೇಳುತ್ತಿದ್ದಾರೆ. ಎಷ್ಟು ಹೊತ್ತು?’ ಐದು ನಿಮಿಷ ಬಿಟ್ಟು, ‘ಉತ್ತರ?’ ಅದೇ ಹೊತ್ತಿಗೆ ನೇರಳೆಯಲ್ಲಿ ತಮ್ಮ ಸಂದೇಶ ಬಂತು: ‘ಸುರಕ್ಷತೆಯೇ ನಮ್ಮ ಉಸಿರು. ಓದಿದವರೆಲ್ಲ ಹತ್ತು ನಿಮಿಷದೊಳಗೆ ಹೆಬ್ಬೆರಳಿನ ಗುರುತು ಹಾಕತಕ್ಕದ್ದು. ಹಾಕದವರಿಂದ ವಿವರಣೆ ಕೇಳಲಾಗುವುದು.’ ನೇರಳೆ ತೆರೆದೆ. ಹೆಬ್ಬೆರಳೆತ್ತಿದ ಪುಟ್ಟ ಚಿತ್ರಗಳು ಸಾಲುಗಟ್ಟಿ ಇಳಿಯುತ್ತಿದ್ದವು. ನಾನೂ ಒಂದು ಹಾಕಿದೆ. ಆಮೇಲೆ ಎಣಿಸಿ ನೋಡಿದೆ, ನಲವತ್ತಾರು ಇದ್ದವು. ಇಪ್ಪತ್ತಮೂರನೆಯದಕ್ಕೂ ಇಪ್ಪತ್ತನಾಲ್ಕನೆಯದಕ್ಕೂ ನಡುವೆ ಅಳಿಲಣ್ಣನ ಒಂದು ಸಾಲು: ‘ಇನ್ನೊಂದು ಕಂಬ ಇದೆ ಲೈನ್ ಕೊಡಬೇಡಿ.’ ಬೆಳಿಗ್ಗೆ ತೆರೆದಿದ್ದ ಕಿತ್ತಳೆ ಮಧ್ಯಾಹ್ನಕ್ಕೆ ಅವರ ಹಳೆಯ ಫೋನಿನಲ್ಲಿ ತೆರೆಯುತ್ತಿರಲಿಲ್ಲ, ಹೊಸ ಆವೃತ್ತಿ ಹಾಕಿಕೊಳ್ಳಿ ಎನ್ನುತ್ತಿತ್ತು. ಅದಕ್ಕೇ ನೇರಳೆಗೆ ಹಾಕಿದ್ದರು. ಆ ಸಾಲು ನನ್ನ ಬೆರಳಿನ ಅಡಿಯಲ್ಲೇ ಸರಿದು ಮೇಲೆ ಹೋಯಿತು.

ಎರಡು ನಲವತ್ತನಾಲ್ಕಕ್ಕೆ ಕಿತ್ತಳೆ ಕಿಣಿ ಎಂದಿತು. ಹೊಸಬರ ತಂಡ: ‘ಕೆಲಸ ಮುಗಿದಿದೆ.’ ಫೀಡರಿನ ಸಾಲು ಹಸಿರಾಯಿತು, ಅಂದರೆ ಲೈನ್ ಕೊಡಬಹುದು. ಕೆಂಪಿನಲ್ಲಿ ಎಂಜಿನಿಯರರು, ‘ಹಸಿರು ಕಾಣುತ್ತಿದೆ. ಇನ್ನೂ ಯಾಕೆ ಕೊಟ್ಟಿಲ್ಲ?’

ನಾನು ಎದ್ದು ಸ್ವಿಚ್ಚಿನ ಹತ್ತಿರ ಹೋದೆ. ಎರಡು ತಂಡ ಇತ್ತಲ್ಲ ಎಂದು ಎಲ್ಲೋ ಮನಸ್ಸಿನ ಮೂಲೆಯಲ್ಲಿ ಕುಟುಕಿತು. ತಿರುಗಿ ಫೋನ್ ನೋಡಿದೆ. ಹಸಿರೇ ಇತ್ತು. ಲೈನ್ ಕೊಟ್ಟೆ.

ಅಳಿಲಣ್ಣ ಆಗ ಕೊನೆಯ ಕಂಬದ ಮೇಲಿದ್ದರು. ತಂತಿಗೆ ಅರ್ತ್ ಸರಳು ಸಿಕ್ಕಿಸಿದ್ದರೆ ತಪ್ಪಿ ಬಂದ ವಿದ್ಯುತ್ ನೆಲಕ್ಕೆ ಹೋಗುತ್ತದೆ. ಆದರೆ ಕಂಬದಿಂದ ಕಂಬಕ್ಕೆ ಹೋಗುವಾಗ ಅದನ್ನು ತೆಗೆದು ಮತ್ತೆ ಹಾಕಬೇಕು. ಹಾಕಲು ಕೈ ಚಾಚಿದ್ದರು. ಅದು ಎರಡು ನಿಮಿಷದ ಕೆಲಸ.

ಕೊಟ್ಟ ಕ್ಷಣದಲ್ಲೇ ಸ್ವಿಚ್ ತಾನಾಗಿಯೇ ಬಿದ್ದು ಫೀಡರ್ ಬಂದ್ ಆಯಿತು. ಆ ಸದ್ದು ನಮಗೆ ದಿನವೂ ಕೇಳುವಂಥದ್ದು, ಕೊಂಬೆ ತಾಗಿದರೂ ಬೀಳುತ್ತದೆ. ಆಗ ಫೋನ್ ಬಂತು, ಸಂದೇಶವಲ್ಲ, ಕರೆ. ಅವರ ಜೊತೆಗಾರ.

“ಯಾರು ಲೈನ್ ಕೊಟ್ಟಿದ್ದು?” ಎಂದು ಕಿರುಚಿದ. “ಅಕ್ಕಾ, ಯಾರು ಕೊಟ್ಟಿದ್ದು? ಅಣ್ಣ ಬೆಲ್ಟಿನಲ್ಲಿ ನೇತಾಡ್ತಿದ್ದಾನೆ!”

“ನಾನು,” ಎಂದೆ.

ನಾನು ಅಳಿಲಣ್ಣನಿಗೆ ಫೋನ್ ಮಾಡಿ ಕೇಳಬಹುದಿತ್ತಲ್ಲ ಎಂದು ತಮ್ಮ ವಿಚಾರಣಾ ಸಮಿತಿ ಕೇಳಿತು. ಕೇಳಬಹುದಿತ್ತು. ಕೇಳಲಿಲ್ಲ. ಕರೆ ಮಾಡಿದ್ದಕ್ಕೆ ಹಿಂದೊಮ್ಮೆ ತಾವೇ ಮೆಮೊ ಕೊಟ್ಟಿದ್ದಿರಿ ಎಂಬುದು ನನ್ನ ಸಮರ್ಥನೆಯಲ್ಲ, ಬರಿಯ ಮಾಹಿತಿ. ಕೈ ನನ್ನದು, ತಪ್ಪು ನನ್ನದು. ಆದರೆ ಸಮಿತಿಯ ವರದಿಯಲ್ಲಿ ಇನ್ನೊಂದು ವಾಕ್ಯವಿದೆ: ‘ಸಂದೇಶವು ಸದರಿ ಆಪರೇಟರ್‌ಗೆ 2.41ಕ್ಕೆ ತಲುಪಿದ್ದು, ಸದರಿಯವರು ಅದನ್ನು ನೋಡಿರುವುದು ಗುರುತಿನಿಂದ ದೃಢಪಟ್ಟಿದೆ.’ ಸಂದೇಶದ ಪಕ್ಕದಲ್ಲಿ ಬೀಳುವ ಎರಡು ಪುಟ್ಟ ಗೀರು ಸಾಕ್ಷಿ ಹೇಳಿದವು. ನನ್ನನ್ನು ಅಮಾನತು ಮಾಡಿದ್ದೂ ಆಯಿತು, ಕಡತ ಮುಚ್ಚಿದ್ದೂ ಆಯಿತು. ಮಾನ್ಯರೇ, ಒಂದು ಪ್ರಶ್ನೆ. ನಲವತ್ತಾರು ಹೆಬ್ಬೆರಳುಗಳಲ್ಲಿ ನನ್ನದೊಂದು. ಉಳಿದ ನಲವತ್ತೈದು ಜನರೂ ಆ ಸಾಲನ್ನು ‘ನೋಡಿದ್ದಾರೆ’. ಅದೇ ಗುರುತು ತಮ್ಮ ಹೆಸರಿನ ಮುಂದೆಯೂ ಇದೆ. ಅವರು ಯಾರೂ ಯಾಕೆ ಓದಲಿಲ್ಲ? ತಾವು ಯಾಕೆ ಓದಲಿಲ್ಲ?

ಹನ್ನೆರಡನೆಯ ದಿನ ಆಸ್ಪತ್ರೆಗೆ ಹೋದೆ. ಬಾಗಿಲಲ್ಲೇ ಅವರ ಹೆಂಡತಿ ನಿಂತಿದ್ದರು. ಅತ್ತಿಗೆ ಎಂದು ಕರೆಯುತ್ತಿದ್ದೆ, ಅವತ್ತು ಕರೆಯಲು ಬಾಯಿ ಬರಲಿಲ್ಲ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಗಂಡನ ಫೋನನ್ನು ನನ್ನ ಮುಂದೆ ಹಿಡಿದರು.

“ಇದನ್ನ ಸ್ವಲ್ಪ ತೆಗೆದುಕೊಡಮ್ಮ. ಇವರ ಹೆಬ್ಬೆಟ್ಟಿಗೇ ತೆಗೀತಿತ್ತು. ಯಾವ ಹೆಬ್ಬೆಟ್ಟು ಅಂತ ನಿಂಗೆ ಗೊತ್ತಲ್ಲ. ನಂಬರ್ ಏನು ಅಂತ ಇವರಿಗೆ ನೆನಪಿಲ್ಲ.”

ಫೋನ್ ತೆಗೆಯದೆಯೇ ಪರದೆಯ ಮೇಲೆ ಕಾಣುತ್ತಿತ್ತು, ಹಾಜರಿ ಆ್ಯಪಿನಿಂದ ಹನ್ನೆರಡು ಸೂಚನೆ: ‘ಇಂದು ನಿಮ್ಮ ಹೆಬ್ಬೆರಳು ದಾಖಲಾಗಿಲ್ಲ. ಗೈರುಹಾಜರಿ.’ ಅವುಗಳ ಮೇಲೆ ವಿಚಾರಣೆಗೆ ಹಾಜರಾಗಲು ಕೊನೆಯ ಸೂಚನೆ. ಅದನ್ನೂ ಆ್ಯಪಿನಲ್ಲೇ ಕಳಿಸಿದ್ದೀರಿ, ತೆರೆಯಲು ಅದೇ ಹೆಬ್ಬೆರಳು ಬೇಕು. ಬರೆಯಲು ಕೂತರೂ ಇಂಥ ಕ್ರೂರ ತಮಾಷೆ ಯಾರಿಗೂ ಹೊಳೆಯಲಿಕ್ಕಿಲ್ಲ.

ಒಳಗೆ ಅಳಿಲಣ್ಣ ಎದ್ದು ಕೂತಿದ್ದರು. ಕ್ಷಮಿಸಿ ಎಂದೆ.

“ಕ್ಷಮಿಸೋದು ಬಿಡೋದು ಇನ್ನೂ ಗೊತ್ತಾಗ್ತಿಲ್ಲ ತಂಗಿ. ಸುಳ್ಳು ಹೇಳಲ್ಲ. ಆದ್ರೆ ಒಂದು ಮಾತು. ಅವತ್ತು ನಾನೂ ನಿಂಗೆ ಫೋನ್ ಮಾಡೋಣ ಅಂತ ತೆಗೆದಿದ್ದೆ. ಮೆಮೊ ಬರುತ್ತೆ ಅಂತ ಬಿಟ್ಟೆ. ನಿಂಗೂ ಹೆದರಿಕೆ, ನಂಗೂ ಹೆದರಿಕೆ. ಹೆದರಿಕೊಂಡು ಇಬ್ಬರೂ ಬಾಯಿ ಮುಚ್ಚಿಕೊಂಡ್ವಿ.”

ಆ ಮಾತನ್ನು ತಮಗೆ ದಾಟಿಸುತ್ತಿದ್ದೇನೆ. ತಮ್ಮಲ್ಲಿ ಉತ್ತರವಿದೆಯೇ?

ಇದೆಲ್ಲ ಆಗಿಹೋದದ್ದು, ಈಗ ಯಾಕೆ ಎಂದು ಕೇಳುವಿರಿ. ಈಗ ಬರೆಯುತ್ತಿರುವುದಕ್ಕೆ ಕಾರಣವಿದೆ. ಇಂಥ ಅವಘಡ ಮರುಕಳಿಸದಿರಲು ಸಮಿತಿ ಒಂದು ಪರಿಹಾರ ಸೂಚಿಸಿತು, ತಾವು ಸಹಿ ಹಾಕಿದಿರಿ. ಏಳನೆಯ ಆ್ಯಪ್. ಉಳಿದ ಆರನ್ನೂ ನೋಡಿದಿರಾ ಎಂದು ಗಂಟೆಗೊಮ್ಮೆ ಕೇಳುವುದು ಅದರ ಕೆಲಸ.

ನನ್ನ ಕುರ್ಚಿಯಲ್ಲಿ ಈಗ ಕೆಲಸಕ್ಕೆ ಸೇರಿ ಎಂಟು ತಿಂಗಳಾದ ಹುಡುಗಿಯೊಬ್ಬಳಿದ್ದಾಳೆ. ಮೊನ್ನೆ ಕರೆ ಮಾಡಿದಳು, ಕದ್ದು.

“ಅಕ್ಕ, ನಿನ್ನೆ ಒಂದು ಥರಾ ಆಯ್ತು. ಕಿತ್ತಳೆಯಲ್ಲಿ ‘ಇಳಿದಿದ್ದೇವೆ’ ಅಂತ ಬಂತು. ನೇರಳೆಯಲ್ಲಿ ‘ಹತ್ತುತ್ತಿದ್ದೇವೆ’ ಅಂತ ಬಂತು. ಎರಡೂ ಒಂದೇ ತಂಡದ್ದು. ಯಾವುದು ಮೊದಲು ಕಳಿಸಿದ್ದು ಗೊತ್ತಾಗಲಿಲ್ಲ.”

“ನೀನೇನು ಮಾಡಿದೆ?”

“ಸ್ವಲ್ಪ ಹೊತ್ತು ಕಾದೆ. ಯಾರೂ ಏನೂ ಹೇಳಲಿಲ್ಲ. ಸಾಹೇಬರು ಕೇಳ್ತಾನೇ ಇದ್ರು. ಲೈನ್ ಕೊಟ್ಟೆ.” ಆಮೇಲೆ ಸಣ್ಣಗೆ ನಕ್ಕಳು. “ಏನೂ ಆಗಲಿಲ್ಲ ಅಕ್ಕ.”

‘ಏನೂ ಆಗಲಿಲ್ಲ’ ಎಂದು ನಾನೂ ಎರಡು ಸಲ ಹೇಳಿದ್ದೆ. ಮೂರನೆಯ ಸಲ ಹೇಳುವ ಹಾಗಿರಲಿಲ್ಲ.

ಮಾನ್ಯರೇ, ನನ್ನ ಅಮಾನತು ತೆಗೆಯಿರಿ ಎಂದು ಕೇಳುತ್ತಿಲ್ಲ. ಅದು ಹಾಗೇ ಇರಲಿ. ನನ್ನ ಬೇಡಿಕೆ ಇಷ್ಟೇ: ಮನುಷ್ಯ ಕಂಬದ ಮೇಲಿರುವಾಗ ಅವನ ವಿಷಯ ಒಂದೇ ಕಡೆ ಬರಬೇಕು, ಅಲ್ಲಿ ಬೇರೆ ಯಾವುದೂ ಬರಬಾರದು. ಪ್ರತಿ ತಂಡಕ್ಕೂ ಬೇರೆ ಅನುಮತಿ, ಬೇರೆ ವಾಪಸಾತಿ ಇರಬೇಕು. ಲೈನ್ ಕೊಡುವ ಮುಂಚೆ ಹತ್ತಿದವನ ದನಿಯನ್ನು ಕೂತವಳು ಕಿವಿಯಾರೆ ಕೇಳಲೇಬೇಕು ಎಂದು ಲಿಖಿತ ಆದೇಶವಾಗಬೇಕು. ಕೇಳಿದ್ದಕ್ಕೆ ಮೆಮೊ ಕೊಡುವುದಿಲ್ಲ ಎಂಬುದೂ ಅದರಲ್ಲೇ ಇರಬೇಕು. ಅಳಿಲಣ್ಣನ ಗೈರುಹಾಜರಿಯನ್ನು ಇಂದೇ ಅಳಿಸಬೇಕು.

ಬಿರುಗಾಳಿಯ ದಿನಗಳಿಗೆ ಇನ್ನು ಮೂರು ವಾರವೂ ಇಲ್ಲ. ಆಗ ಒಂದೇ ಮಧ್ಯಾಹ್ನ ಹತ್ತು ಕಡೆ ಮರ ಬೀಳುತ್ತದೆ, ಹತ್ತು ತಂಡಗಳು ಕಂಬ ಹತ್ತುತ್ತವೆ, ಏಳೂ ಆ್ಯಪ್‌ಗಳು ಒಟ್ಟಿಗೆ ಬಡಿದುಕೊಳ್ಳುತ್ತವೆ. ಮುಂದಿನ ವರದಿಯಲ್ಲಿ ಯಾರ ಹೆಸರು ಇರುತ್ತದೆಂದು ನನಗೆ ಗೊತ್ತಿಲ್ಲ, ತಮಗೂ ಗೊತ್ತಿಲ್ಲ. ಆದರೆ ಆ ಮನುಷ್ಯ ಇದ್ದಾನೆ. ಇವತ್ತು ಬೆಳಿಗ್ಗೆ ಮನೆಯವರಿಗೆ ಹೋಗಿಬರುತ್ತೇನೆ ಎಂದು ಹೇಳಿ ಕೆಲಸಕ್ಕೆ ಹೊರಟಿದ್ದಾನೆ.

ಇಂತಿ,
ತಪ್ಪನ್ನು ಒಪ್ಪಿಕೊಂಡಿರುವ, ಆದರೆ ಅದನ್ನು ಒಬ್ಬಳೇ ಹೊರಲು ಒಪ್ಪದಿರುವ,
ಅಮಾನತಿನಲ್ಲಿರುವ ಸಬ್‌ಸ್ಟೇಷನ್ ಆಪರೇಟರ್