ಡಾಕ್ಟರು ಕೇಳಿದ ಪ್ರಶ್ನೆ

ಸ್ವಾನ್‌ಸೀ, ಮಂಗಳವಾರ

ಮಗಳೇ ನೆರಿಸ್,

ನಿಮ್ಮಪ್ಪ ಮೆಟ್ಟಿಲ ಮೇಲೆ ಜಾರಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ಗಾಬರಿಯಾಗಬೇಡ, ಈಗ ಹುಷಾರಾಗಿದ್ದಾರೆ. ಆಸ್ಪತ್ರೆಯಲ್ಲಿ ಎಚ್ಚರವಾದಾಗ ಡಾಕ್ಟರು, ತಲೆಗೆ ಪೆಟ್ಟಾದ ಎಲ್ಲರನ್ನೂ ಕೇಳುವಂತೆ, "ಈಗ ಪ್ರಧಾನಿ ಯಾರು, ಹೇಳಿ" ಅಂದರು. ಇವರು ಸೂರು ನೋಡುತ್ತಾ ಹುಬ್ಬು ಗಂಟಿಕ್ಕಿದರು. ನೆನಪೇ ಹೋಯಿತೇನೋ ಅಂತ ನನಗೆ ಭಯವಾಯಿತು.

ಆಮೇಲೆ, "ಯಾರಿದ್ರೇನ್ರೀ? ವಿರೋಧ ಪಕ್ಷದಲ್ಲಿ ನನ್ನ ಮಗಳು ಓಟು ಹಾಕಿ ಕೂರಿಸಿದ ಆ ಬೆಪ್ಪುತಕ್ಕಡಿ ನಾಯಕ ಇರೋ ತನಕ ಈಗಿರೋರೇ ಪ್ರಧಾನಿ!" ಅಂತ ಗುಡುಗಿದರು.

ಡಾಕ್ಟರು ನಗುತ್ತಾ, "ತಲೆ ನೆಟ್ಟಗಿದೆ" ಅಂದರು. ನಾನು ಅಲ್ಲೇ ಅತ್ತುಬಿಟ್ಟೆ.

ಪಕ್ಷದ ಸದಸ್ಯರ ಓಟಿನಲ್ಲಿ ಆ ನಾಯಕ ಗೆದ್ದಾಗಿನಿಂದ ನೀವಿಬ್ಬರೂ ಮಾತು ಬಿಟ್ಟಿದ್ದು ಸಾಕು. ಭಾನುವಾರ ಬಾ. ಆ ನಾಯಕನ ಬ್ಯಾಡ್ಜು ಹಾಕಿಕೊಂಡೇ ಬಾ. ಜಗಳಕ್ಕೆ ಸರಿಜೋಡಿಯಿಲ್ಲದೆ ಅವರು ಬಾಗಿಲನ್ನೇ ನೋಡುತ್ತಾ ಮಲಗಿದ್ದಾರೆ.

ನಿನ್ನ ಅಮ್ಮ