ಅಣ್ಣನ ಸೆಂಡ್‌ಮೇಲ್ ತೆಗೆದ ವಾರ

ಅಂಗಡಿಯ ಮಹಡಿ,
ಬುಧವಾರ, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಸೊಂಟನೋವು ಹೇಗಿದೆ? ಬಂದರಿನ ಹೊಸ ಕಚೇರಿಯಲ್ಲಿ ಕಂಪ್ಯೂಟರು ಕೂರಿಸುವಾಗ ನೀನೇ ಎತ್ತಿ ಇಳಿಸಬೇಡ, ಕೂಲಿಯವರಿಗೆ ಹೇಳು. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಇಲ್ಲಿ ಅತ್ತಿಗೆ ಆರಾಮಾಗಿದ್ದಾರೆ. ನನಗೆ ಮಾತ್ರ ಕೂತರೆ ಏಳೋಣ, ಎದ್ದರೆ ಕೂರೋಣ ಅನ್ನಿಸುತ್ತಿದೆ. ಇಷ್ಟು ಬರೆಯುವಷ್ಟರಲ್ಲೇ ಕಿಟಕಿಗೆ ಹೋಗಿ ಬಂದೆ. ಮೇಲ್ ಬಿಟ್ಟು ಕಾಗದ ಯಾಕೆ ಅಂತ ಹುಬ್ಬೇರಿಸಬೇಡ. ಮೇಲ್ ಬಂದರೆ ನೀನು ವಿಷಯ ಓದುವ ಮೊದಲು ಅದು ಯಾವ ಸರ್ವರ್ ದಾಟಿ ಬಂತೆಂದು ಬಿಚ್ಚಿ ನೋಡುವವನು. ನೋಡಿದ್ದರೆ ಅಲ್ಲೇ ಸಿಟ್ಟು ನೆತ್ತಿಗೇರಿ, ಮುಂದಿನದು ಓದುತ್ತಲೇ ಇರಲಿಲ್ಲ.

ಹೌದು, ಇಷ್ಟು ವರ್ಷ ನಮ್ಮ ಮೇಲ್ ಸಾಗಿಸುತ್ತಿದ್ದ ನಿನ್ನ ಸೆಂಡ್‌ಮೇಲ್ ತಂತ್ರಾಂಶ ತೆಗೆದುಬಿಟ್ಟೆ.

ಹೊರಡುವ ದಿನ ನೀನು ಹೇಳಿದ್ದು ಮರೆತಿಲ್ಲ: "ಓಡ್ತಿರೋ ಗಾಡಿಯ ಚಕ್ರ ಯಾರಾದ್ರೂ ಬಿಚ್ತಾರಾ?" ಆದರೆ ಸೋಮವಾರ ಗಾಡಿ ತಾನಾಗಿಯೇ ನಿಂತಿತು. ಹಳೆಯ ಯಂತ್ರದ ಡಿಸ್ಕು ಕರಕರ ಅಂದು ಸುಮ್ಮನಾಯಿತು. ನಾವಿಬ್ಬರೂ ಕಟ್ಟಿದ ಮೇಲ್ ಸೇವೆ ನಂಬಿಕೊಂಡ ಹೆರಿಗೆ ಆಸ್ಪತ್ರೆ, ವಕೀಲರು, ಶಾಲೆ, ಎಲ್ಲರ ಅಂಚೆಯೂ ಕಟ್. ಎಲ್ಲರ ಮೇಲ್ ಪೆಟ್ಟಿಗೆಗಳ ಪ್ರತಿ ಬೇರೆ ಕಡೆ ಇತ್ತು, ಗಾಬರಿಯಾಗಬೇಡ. ಆಸ್ಪತ್ರೆಯ ದೊಡ್ಡ ಸಿಸ್ಟರ್ ಫೋನಿನಲ್ಲಿ ಕೂಗಾಡಿದರು: "ಏನಮ್ಮಾ, ಲ್ಯಾಬ್‌ನವರು ರಿಪೋರ್ಟ್ ಕಳಿಸಿದೀವಿ ಅಂತಾರೆ, ಇಲ್ಲಿ ಒಂದೂ ಇಲ್ಲ. ಡಾಕ್ಟರು ನನ್ನ ಮೇಲೆ ಹಾರಾಡ್ತಿದಾರೆ!" ಆಳು ಕಳಿಸಿ ಕೈಯಲ್ಲೇ ತರಿಸಿಕೊಳ್ಳಿ ಅಂದೆ.

ಹೊಸ ಯಂತ್ರಕ್ಕೆ ಲಿನಕ್ಸ್ ಹಾಕಿ, ನಿನ್ನ ಹಳೆಯ ಸೆಟ್ಟಿಂಗ್ ಫೈಲನ್ನೇ ಇಡಲು ಕೂತೆ. ಬೇಜಾರು ಮಾಡಿಕೊಳ್ಳಬೇಡ, ಅದು ಕೋಳಿ ಕೆದರಿದ ಅಂಗಳ. ನೀನು ಓದಿದರೆ ಮಂತ್ರ, ನಾನು ಓದಿದರೆ ಉಗ್ಗು. ಅದೇ ಕೆಲಸ ಮಾಡುವ ಎಕ್ಸಿಮ್ ನೋಡಿದೆ, ಹೇಳಿದ್ದನ್ನೆಲ್ಲ ಮಾಡುತ್ತದೆ, ಆದರೆ ಏನು ಹೇಳಬೇಕೆಂಬುದು ನಮಗೆ ಪೂರ್ತಿ ಗೊತ್ತಿರಬೇಕು. ಮೂರನೆಯದು ಪೋಸ್ಟ್‌ಫಿಕ್ಸ್, ಅದು ಹಾಗಲ್ಲ. ಇಡೀ ಮನೆಯ ಕೀಲಿಗೊಂಚಲನ್ನು ಒಬ್ಬನ ಕೈಗೇ ಕೊಡುವುದಿಲ್ಲ. ಮೇಲ್ ಒಳಗೆ ತೆಗೆದುಕೊಳ್ಳುವವನೊಬ್ಬ, ಸಾಲಿನಲ್ಲಿ ನಿಲ್ಲಿಸುವವನೊಬ್ಬ, ತಲುಪಿಸುವವನೊಬ್ಬ. ಆದರೂ ಮನಸ್ಸು ಒಪ್ಪಲಿಲ್ಲ, ನಿನ್ನ ಮುಖ ಕಣ್ಣಿಗೆ ಕಟ್ಟುತ್ತಿತ್ತು. ಕೊನೆಗೆ ನಿನ್ನದು, ಪೋಸ್ಟ್‌ಫಿಕ್ಸಿನದು, ಎರಡೂ ಫೈಲುಗಳನ್ನು ಅತ್ತಿಗೆಯ ಮುಂದಿಟ್ಟೆ; ಅವರು ನೋಡಿಕೊಳ್ಳುವುದು ಅಂಗಡಿಯ ಫೋನು, ಲೆಕ್ಕ ಮಾತ್ರ ತಾನೇ. ಪೋಸ್ಟ್‌ಫಿಕ್ಸಿನದು ಓದಿ, "ಇದು ನಮ್ಮ ಹೆಸರು, ಇದು ಯಾರ ಮೇಲ್ ತಗೋಬೇಕು ಅಂತ, ಇದು ಯಾರನ್ನ ನಂಬಬೇಕು ಅಂತ. ಅಷ್ಟೇ ತಾನೇ?" ಅಂದರು. ನಿನ್ನದನ್ನು ತಿರುವಿ ಮುರುವಿ ನೋಡಿ, "ಇದನ್ನ ಬರೆಯುವಾಗ ಇವರಿಗೆ ಜ್ವರ ಇತ್ತಾ?" ಅಂದರು. ಅಲ್ಲಿಗೆ ತೀರ್ಮಾನವಾಯಿತು.

ಪೋಸ್ಟ್‌ಫಿಕ್ಸ್ ಹಾಕಿ, ಊರವರ ಕಸದ ಮೇಲ್ ನಮ್ಮ ಬಾಗಿಲಿನಿಂದ ದಾಟಿ ಹೋಗುವುದಿಲ್ಲವೆಂದು ಹೊರಗಿನಿಂದ ಪರೀಕ್ಷಿಸಿ, ಆಮೇಲೆ ತೆರೆದೆ. ನಾವು ಮುಚ್ಚಿದ್ದರೂ ಕಳಿಸಿದವರ ಯಂತ್ರಗಳು ಮತ್ತೆ ಮತ್ತೆ ಬಂದು ತಟ್ಟುತ್ತಲೇ ಇದ್ದವಲ್ಲ, ಮೊದಲೊಂದು ಬಂತು, ಆಮೇಲೆ ದಬದಬ ಸುರಿಯಿತು. ಸಿಸ್ಟರ್ ಫೋನು ಮಾಡಿ, "ಬಂತು ಕಣಮ್ಮಾ, ಎಲ್ಲಾ ಒಟ್ಟಿಗೇ ಬಂತು!" ಅಂದರು. ಅತ್ತಿಗೆ ಚಪ್ಪಾಳೆ ತಟ್ಟಿದರು. ಶಾಲೆಯ ಶಿಕ್ಷಕರೆಲ್ಲರಿಗೂ ಹೋಗುವ ಒಂದು ವಿಳಾಸ ಮರೆತಿದ್ದೆ, ಹೆಡ್‌ಮಾಸ್ತರರಿಂದ ಬೈಸಿಕೊಂಡು ಸರಿಮಾಡಿದೆ. ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಅತ್ತಿಗೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೇಲ್‌ಗಳ ಸಾಲು ನೋಡುವುದು, ಸಿಕ್ಕಿಬಿದ್ದ ಮೇಲ್ ಬಿಡಿಸುವುದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಕೊಟ್ಟೆ. "ಏನೇ ನಿನ್ನ ಅವಸರ, ನಾನೇನು ಪರೀಕ್ಷೆಗೆ ಕೂರ್ತೀನಾ?" ಅಂತ ರೇಗಿದರು.

ಸಿಟ್ಟು ಬಂದಿದ್ದರೆ ಒಂದು ಸುತ್ತು ನಡೆದು ಬಾ, ಆಮೇಲೆ ಉತ್ತರ ಬರೆ. ಸೊಂಟಕ್ಕೆ ಬಿಸಿನೀರಿನ ಶಾಖ ಕೊಟ್ಟುಕೋ. ಅತ್ತಿಗೆ ನಿನ್ನ ದಾರಿ ಕಾಯುತ್ತಿದ್ದಾರೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ.

ನಿನ್ನ ತಂಗಿ,
ತರಲೆ

ತಾ.ಕ.: ಅಂಚೆ ತೆಗೆಯುವ ಹೊತ್ತಾಯಿತು, ಹೇಳಿಬಿಡುತ್ತೇನೆ. ನನ್ನ ಎದೆಯಲ್ಲಿ ಒಂದು ಗಂಟು ಸಿಕ್ಕಿದೆ. ಮುಂದಿನ ವಾರದ ಕೊನೆಗೆ ಆಪರೇಷನ್. ಆಮೇಲೆ ಔಷಧಿ ಎಷ್ಟು ತಿಂಗಳೋ, ಡಾಕ್ಟರು ಈಗಲೇ ಹೇಳುವುದಿಲ್ಲ. ಅದಕ್ಕೇ ಮೇಲ್ ಸೇವೆ ನಾನಿಲ್ಲದಾಗಲೂ ಯಾರಾದರೂ ಓದಿ ನಡೆಸುವಂತಿರಬೇಕಿತ್ತು. ಫೋನಿನಲ್ಲಿ ಹೇಳೋಣವೆಂದು ಎರಡು ಸಲ ನಂಬರ್ ಒತ್ತಿ ಇಟ್ಟುಬಿಟ್ಟೆ. ಅತ್ತಿಗೆಗೆ ಇವತ್ತು ಹೇಳಿದೆ. ಮೊದಲು ಬೈದರು, ಆಮೇಲೆ ಅತ್ತರು. ಸರ್ವರ್ ನೋಡಿಕೊಳ್ಳಲು ನೀನು ಬರಬೇಕಾಗಿಲ್ಲ. ನನಗೆ ಭಯವಾಗುತ್ತಿದೆ ಅಣ್ಣಾ, ಬಾ.